ಸೀಲು ಹರಿದ ಪೆಟ್ಟಿಗೆ

ಹೊಸ ಕಂಪ್ಯೂಟರಿನ ಪೆಟ್ಟಿಗೆಯ ಹಿಂದೆ ಅಂಗಡಿಯ ಮೆಕ್ಯಾನಿಕ್ ಬೆಳ್ಳಿ ಬಣ್ಣದ ಸೀಲೊಂದನ್ನು ಅಂಟಿಸಿ ಹೋಗಿದ್ದ. ಅದನ್ನು ಹರಿದರೆ ಗ್ಯಾರಂಟಿ ಹೋಯಿತು ಎಂದು ಮತ್ತೆ ಮತ್ತೆ ಹೇಳಿದ. ಅವನು ಹೋದ ಮೇಲೆ ನನ್ನ ಗಂಡ ಅದನ್ನೇ ಹೇಳತೊಡಗಿದ. ಸಿಟಿ ಬಸ್ ಓಡಿಸುವ ಮನುಷ್ಯ ಅವನು. ಎದುರಿಗೆ ಲಾರಿ ನುಗ್ಗಿ ಬಂದರೂ ಹೆದರುವುದಿಲ್ಲ, ಆದರೆ ಯಾವುದರ ಮೇಲಾದರೂ ಮುಟ್ಟಬೇಡಿ ಎಂದು ಬರೆದಿದ್ದರೆ ಅದರ ಪಕ್ಕ ಕೂರಲೂ ಹಿಂದೆ ಮುಂದೆ ನೋಡುತ್ತಾನೆ.

ಈ ಪೆಟ್ಟಿಗೆ ನಮ್ಮ ಮನೆಗೆ ಶೋಕಿಗೆ ಬಂದದ್ದಲ್ಲ. ನಾನು ಆಸ್ಪತ್ರೆಯೊಂದರ ವರದಿ ಕೋಣೆಯಲ್ಲಿ ಟೈಪಿಸ್ಟ್. ಡಾಕ್ಟರುಗಳು ಕ್ಯಾಸೆಟ್ಟಿಗೆ ಗೊಣಗಿದ್ದನ್ನೆಲ್ಲ ಕೇಳಿ ಬಿಡಿಸಿ ಬರೆಯುವುದು ನನ್ನ ಕೆಲಸ. ಕೋಣೆ ಇರುವುದು ನಾಲ್ಕನೇ ಮಹಡಿಯಲ್ಲಿ, ಲಿಫ್ಟು ಇರುವುದು ರೋಗಿಗಳಿಗೆ ಮಾತ್ರ. ಕಳೆದ ವರ್ಷ ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಅದೇ ಲಿಫ್ಟಿನಲ್ಲಿ ರಾಜಮರ್ಯಾದೆಯಿಂದ ಮೇಲೆ ಹೋದೆ. ಗುಣವಾಗಿ ಕೋಲೂರಿಕೊಂಡು ಕೆಲಸಕ್ಕೆ ಹೋದಾಗ ಅದೇ ಲಿಫ್ಟಿನಿಂದ ಇಳಿಸಿದರು.

ನಮ್ಮ ಸೂಪರಿಂಟೆಂಡೆಂಟರಿಗೆ ನಾವು ಇಟ್ಟಿದ್ದ ಹೆಸರು ಅಳತೆಗೋಲು. ಹಾಳೆಯ ಅಂಚು ಎಷ್ಟು ಬಿಟ್ಟಿದ್ದೀರಿ ಎಂದು ಸ್ಕೇಲು ಹಿಡಿದು ನೋಡುವ ಆಸಾಮಿ. ಅವರು ನನ್ನನ್ನು ಕೂರಿಸಿಕೊಂಡು, "ನೋಡಿ, ಈ ಕಾಲಿಟ್ಕೊಂಡು ನಿಮಗೂ ಕಷ್ಟ, ನಮಗೂ ಕಷ್ಟ. ರಾಜೀನಾಮೆ ಕೊಟ್ಬಿಡಿ" ಎಂದರು.

"ಟೈಪ್ ಮಾಡೋದು ಕಾಲಲ್ಲಲ್ಲ ಸಾರ್" ಎಂದೆ. "ಮನೆಯಿಂದ ಮಾಡ್ತೀನಿ. ಫೋನ್ ಲೈನಲ್ಲಿ ಕಳಿಸ್ತೀನಿ. ನಿಮ್ಮ ಕೋಣೆಯ ಕಂಪ್ಯೂಟರಿಗೆ ಮೋಡೆಮ್ ಇದೆಯಲ್ಲ, ಅದಕ್ಕೇ."

ಅವರು ನಕ್ಕರು. ಆ ನಗು ಇವತ್ತಿಗೂ ನನ್ನ ಮೈ ಉರಿಸುತ್ತದೆ. "ಆಯ್ತು. ಶುಕ್ರವಾರ ಸಂಜೆ ಐದರೊಳಗೆ ನಿಮ್ಮ ಮನೆಯಿಂದ ವರದಿ ನಮ್ಮ ಯಂತ್ರಕ್ಕೆ ಬಂದ್ರೆ ನೋಡೋಣ. ಬರದಿದ್ರೆ ಕಾಗದಕ್ಕೆ ಸಹಿ ಹಾಕ್ತೀರಿ ತಾನೆ?" ಹಾಕುತ್ತೇನೆ ಎಂದುಬಿಟ್ಟೆ. ಮೋಡೆಮ್ ಎಂದರೆ ಹೇಗಿರುತ್ತದೆಂದು ಆಗ ನಾನು ಕಣ್ಣಲ್ಲೂ ನೋಡಿರಲಿಲ್ಲ.

ಹಾಗೆ ಬಂದ ಪೆಟ್ಟಿಗೆ ಮೊದಲನೆಯ ದಿನವೇ ಕೈಕೊಟ್ಟಿತು. ಆಸ್ಪತ್ರೆಯ ನಂಬರ್ ಕೊಟ್ಟು ಡಯಲ್ ಒತ್ತಿದ ಕೂಡಲೇ ಪರದೆಯ ಮೇಲಿನ ಮೌಸಿನ ಬಾಣ ಕಲ್ಲಾಗಿ ನಿಂತಿತು. ಎಳೆದರೂ ಇಲ್ಲ, ತಳ್ಳಿದರೂ ಇಲ್ಲ. ಆರಿಸಿ ಹಚ್ಚಿದರೆ ಬಾಣ ಓಡಾಡುತ್ತದೆ, ಡಯಲ್ ಒತ್ತಿದರೆ ಮತ್ತೆ ಕಲ್ಲು. ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

"ಮೇಡಂ, ಒಳಗಡೆ ಕಾರ್ಡುಗಳ ಜಗಳ ಇರಬೇಕು. ಮುಂದಿನ ವಾರ ಬಂದು ನೋಡ್ತೀನಿ. ನೀವಂತೂ ತೆಗೀಬೇಡಿ, ಸೀಲಿದೆ."

"ಮುಂದಿನ ವಾರ ಬರೋಹೊತ್ತಿಗೆ ನನಗೆ ಕೆಲಸ ಇರಲ್ಲಪ್ಪ."

"ಅದಕ್ಕೆ ನಾನೇನು ಮಾಡ್ಲಿ ಮೇಡಂ."

ಅವನ ಮಾತು ನಿಜವೇ. ನನ್ನ ಕೆಲಸ ಹೋದರೆ ಅವನೇನು ಮಾಡಬೇಕು? ಮಾಡಬೇಕಾದವಳು ನಾನು. ಫೋನ್ ಇಟ್ಟವಳೇ ಗಂಡನಿಗೆ ಸ್ಕ್ರೂಡ್ರೈವರ್ ತರಲು ಹೇಳಿದೆ. ಅವನು ತಂದ, ಆದರೆ ಕೊಡಲಿಲ್ಲ.

"ಸೀಲು" ಎಂದ.

"ನನ್ನ ಸೊಂಟಕ್ಕೂ ಗ್ಯಾರಂಟಿ ಇತ್ತಾ? ಕೊಡು ಇಲ್ಲಿ."

ಸೀಲು ಚರ್ರೆಂದು ಹರಿಯಿತು. ಆ ಸದ್ದು ಕೇಳಿ ನನಗೆ ಆದ ಖುಷಿಯನ್ನು ಮುಚ್ಚಿಡುವುದಿಲ್ಲ. ಒಂದು ವರ್ಷದಿಂದ ಎಲ್ಲರೂ ನನಗೆ ಅದು ಮಾಡಬೇಡ, ಇದು ಹತ್ತಬೇಡ, ಅಲ್ಲಿ ಇಳಿಯಬೇಡ ಎಂದೇ ಹೇಳುತ್ತಿದ್ದರು. ಅಷ್ಟೂ ಬೇಡಗಳನ್ನು ಒಟ್ಟಿಗೆ ಹರಿದ ಹಾಗಾಯಿತು.

ಒಳಗೆ ದೊಡ್ಡದೊಂದು ಹಸಿರು ಹಲಗೆ, ಅದರ ಸೀಳುಗಳಲ್ಲಿ ನಿಲ್ಲಿಸಿದ ಸಣ್ಣ ಹಲಗೆಗಳು. ಒಂದು ಹಾಡು ಕೇಳಿಸುವ ಸೌಂಡ್ ಕಾರ್ಡು, ಇನ್ನೊಂದು ಮೋಡೆಮ್ ಕಾರ್ಡು. ಜೊತೆಗೆ ಕೊಟ್ಟ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಓದಿದೆ. ಡಾಕ್ಟರುಗಳ ಗೊಣಗಾಟವನ್ನೇ ಬಿಡಿಸಿದವಳಿಗೆ ಇದೇನು ಮಹಾ. ಆದರೂ ತಲೆ ಕೆಟ್ಟು ಕೆರವಾಯಿತು. ಕೊನೆಗೆ ಅರ್ಥವಾದದ್ದು ಇಷ್ಟು: ಮೌಸಿಗೂ ಮೋಡೆಮಿಗೂ ಕಂಪ್ಯೂಟರನ್ನು ಕರೆಯಲು ಒಂದೊಂದು ಗಂಟೆ ಇರುತ್ತದೆ. ನಮ್ಮ ಪೆಟ್ಟಿಗೆಯಲ್ಲಿ ಎರಡಕ್ಕೂ ಸೇರಿ ಒಂದೇ ಗಂಟೆ. ಮೋಡೆಮ್ ಬಾರಿಸಿದಾಗ ಮೌಸು ಬಾಯಿ ಮುಚ್ಚುತ್ತದೆ. ಒಂದೇ ಮನೆಯ ಇಬ್ಬರು ಸೊಸೆಯರ ಪಾಡು.

ಕಿತ್ತು ತೆಗೆದ ಮೋಡೆಮ್ ಕಾರ್ಡಿನ ಮೇಲೆ ಸೂಜಿಗಳ ಸಾಲಿತ್ತು, ಒಂದು ಜೋಡಿಯ ಮೇಲೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಕರಿ ಟೊಪ್ಪಿ. ಜಂಪರ್ ಎಂದು ಅದರ ಹೆಸರು. ಹುಬ್ಬು ಕೀಳುವ ಚಿಮಟದಿಂದ ಅದನ್ನು ಎತ್ತಿ ಪಕ್ಕದ ಜೋಡಿಗೆ ತೊಡಿಸಿದೆ. ಹೀಗೆ ಸಿಕ್ಕ ಹೊಸ ಗಂಟೆಯನ್ನು ಪೆಟ್ಟಿಗೆಯ ಹಿಂದೆ ಯಾರೂ ತಂತಿ ಸಿಕ್ಕಿಸದ ಕಿಂಡಿಯೊಂದು ಸುಮ್ಮನೆ ಹಿಡಿದುಕೊಂಡು ಕೂತಿತ್ತು, ಕಂಪ್ಯೂಟರ್ ಹಚ್ಚಿ ಸೆಟಪ್ ಎಂಬ ಪರದೆಯಲ್ಲಿ ಅದನ್ನು ಮುಚ್ಚಿಸಿ ಆರಿಸಿದೆ. ಕಾರ್ಡನ್ನು ಸೀಳಿನಲ್ಲಿಟ್ಟು ಎರಡೂ ಹೆಬ್ಬೆರಳಿಂದ ಒತ್ತಿದಾಗ ಕಟಕ್ ಎಂದಿತು. ಗಂಡ ಕಣ್ಣು ಮುಚ್ಚಿಕೊಂಡ.

ಡಯಲ್ ಒತ್ತಿದೆ. ಬಾಣ ಓಡಾಡಿತು. ಪೆಟ್ಟಿಗೆಯೊಳಗಿನ ಪುಟ್ಟ ಸ್ಪೀಕರಿನಿಂದ ನಂಬರ್ ತಿರುಗುವ ಕಟಕಟ, ಆ ಕಡೆ ರಿಂಗು, ಆಮೇಲೆ ಎರಡು ಯಂತ್ರಗಳು ಪರಸ್ಪರ ಗುರುತು ಹೇಳಿಕೊಳ್ಳುವ ಕೀ ಕರ್ ಎಂಬ ಕಿರುಚಾಟ. ನನಗದು ಸಂಗೀತ. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಲೈನು ಕತ್ತರಿಸಿಹೋಯಿತು.

ಮತ್ತೆ ಡಯಲ್, ಮತ್ತೆ ಕಿರುಚಾಟ, ಮತ್ತೆ ಕಡಿತ. ಗುರುವಾರವಿಡೀ ಇದೇ. ಕಾರ್ಡು ಕಿತ್ತು ಅದರ ಹಿತ್ತಾಳೆ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿದೆ. ಸೀಳು ಬದಲಿಸಿದೆ. ಸೌಂಡ್ ಕಾರ್ಡಿನ ಮೇಲೆ ಅನುಮಾನ ಬಂದು ಅದನ್ನು ಕಿತ್ತು ಗಂಡನ ಕೈಯಲ್ಲಿಟ್ಟೆ. ಡ್ಯೂಟಿ ಮುಗಿಸಿ ಬಂದು ಹಾಡು ಕೇಳಬೇಕೆಂಬ ಆಸೆ ಅವನಿಗಿತ್ತು, ಪಾಪ. ಸತ್ತ ಹಕ್ಕಿಯನ್ನು ಹಿಡಿದವನಂತೆ ಅದನ್ನು ಹಿಡಿದುಕೊಂಡು ನಿಂತ.

"ಸೋತೆ ಅಂತ ಒಪ್ಕೊಂಡ್ರೆ ಆಗಲ್ವಾ? ನನ್ನ ಸಂಬಳ ಇದೆಯಲ್ಲ" ಎಂದ ಮೆಲ್ಲಗೆ.

"ನಿನ್ನ ಸಂಬಳ ನಿನ್ನದು. ನನಗೆ ಬೇಕಾಗಿರೋದು ನನ್ನ ಕೆಲಸ."

ಶುಕ್ರವಾರ ಮಧ್ಯಾಹ್ನ ಊಟ ಬಿಟ್ಟು ಮತ್ತೆ ಕೂತೆ. ವರದಿ ಟೈಪಾಗಿ ಸಿದ್ಧವಿತ್ತು, ಅಂಚೂ ಅಳತೆಗೋಲಿನ ಅಳತೆಗೇ ಇತ್ತು. ಡಯಲ್ ಒತ್ತಿದೆ. ಸ್ಪೀಕರಿಗೆ ಕಿವಿಯಿಟ್ಟು ಎಲ್ಲಿ ಕಡಿಯುತ್ತದೆಂದು ಕೇಳಿದೆ. ಕಟಕಟ. ರಿಂಗು. ಕೀ. ಆಗ ಆ ಕೀರಲಿನ ನಡುವೆ ಪೆಟ್ಟಿಗೆಯೊಳಗಿಂದ ಹೆಂಗಸಿನ ದನಿ ಬಂತು.

"ನಾಚ್ಕೆ ಆಗಲ್ವೇನೇ ನಿಂಗೆ?"

ಲೈನು ಕಡಿಯಿತು. ಗಂಡ ಬಾಗಿಲವರೆಗೆ ಹೋಗಿದ್ದ. "ಅದು... ಅದು ಅತ್ತಿಗೆ ದನಿ" ಎಂದ.

ಇಲ್ಲಿ ನಮ್ಮ ಮನೆಯ ಕಥೆ ಹೇಳಬೇಕು. ಕೆಳಗಡೆ ನನ್ನ ಓರಗಿತ್ತಿ, ಭಾವನ ಹೆಂಡತಿ, ನನಗೆ ಅಕ್ಕ. ಮೇಲುಗಡೆ ನಾವು. ಫೋನ್ ಲೈನು ಒಂದೇ, ರಿಸೀವರ್ ಕೆಳಗೊಂದು ಮೇಲೊಂದು. ಅತ್ತೆ ಬದುಕಿದ್ದಾಗ ಮಾಡಿದ ಕಾನೂನು: ಗಂಟೆ ಕೇಳಿದವರು ತಕ್ಷಣ ಎತ್ತಬೇಕು, ಈ ಮನೆಯಲ್ಲಿ ಫೋನು ಅನಾಥವಾಗಿ ಬಡಿದುಕೊಳ್ಳಬಾರದು. ಮೇಲೆ ನಾವು ನಂಬರ್ ತಿರುಗಿಸಿದರೂ ಕೆಳಗೆ ಟಿಣ್ ಟಿಣ್ ಅನ್ನುತ್ತದೆ, ಅದಕ್ಕೂ ಅಕ್ಕ ಎತ್ತುತ್ತಿದ್ದಳು. ಆದರೆ ನಾನು ಬಿದ್ದ ದಿನದಿಂದ ನಮಗೆ ಮಾತಿಲ್ಲ. ಆ ದಿನ ಮೆಟ್ಟಿಲು ಒರೆಸಿದ್ದವಳು ಅವಳು. ಒದ್ದೆ ಇದೆ ಎಂದು ಅವಳು ಹೇಳಲಿಲ್ಲ ಎಂದು ನಾನು. ಕೂಗಿ ಹೇಳಿದ್ದೆ, ಇವಳಿಗೆ ಕಿವಿಯಿಲ್ಲ ಎಂದು ಅವಳು. ಮಾತು ಬಿಟ್ಟವಳು ನನ್ನ ಫೋನೂ ಬಿಟ್ಟಿದ್ದಾಳೆ ಎಂದು ನಾನೇ ತೀರ್ಮಾನಿಸಿ ಎರಡು ದಿನ ಕಾರ್ಡು ತಿಕ್ಕುತ್ತ ಕೂತಿದ್ದೆ. ಅವಳು ಕೆಳಗೆ ರಿಸೀವರ್ ಎತ್ತಿದ ಕೂಡಲೇ ಮೇಲೆ ನನ್ನ ಲೈನು ಕಡಿಯುತ್ತಿತ್ತು. ಪೆಟ್ಟಿಗೆಯೊಳಗಿನ ಜಗಳ ಬಿಡಿಸಿದ ಜಾಣೆಗೆ ಕಾಲಡಿಯ ಜಗಳ ಕಂಡಿರಲಿಲ್ಲ.

"ನಾನು ಹೋಗಿ ಹೇಳಿ ಬರ್ತೀನಿ" ಎಂದ ಗಂಡ.

"ಬೇಡ. ನನ್ನ ಲೈನು, ನಾನೇ ಹೋಗ್ತೀನಿ."

ಆಸ್ಪತ್ರೆಗೆ ಹೋಗುವಾಗ ಬಿಟ್ಟರೆ ಆ ಮೆಟ್ಟಿಲಿಳಿದವಳಲ್ಲ ನಾನು, ಅದೂ ಗಂಡನ ಹೆಗಲ ಮೇಲೆ ಕೈಯಿಟ್ಟು. ಈಗ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕಟಕಟೆ. ಭಯವಾಗುತ್ತಿತ್ತು. ಆದರೆ ಸಿಟ್ಟು ಭಯಕ್ಕಿಂತ ಒಂದು ಮೆಟ್ಟಿಲು ಮುಂದಿತ್ತು. ಕೆಳಗೆ ಅಕ್ಕ ಸೆರಗು ಸಿಕ್ಕಿಸಿಕೊಂಡು, ನೆಲ ಒರೆಸುವ ಬಟ್ಟೆ ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದಳು. ಕೊನೆಯ ತಿರುವಿಗೆ ಬಂದಾಗ ಬಟ್ಟೆ ಬಿಸಾಕಿ ಓಡಿ ಬಂದಳು.

"ಒದ್ದೆ ಇದೆ. ಅಲ್ಲೇ ನಿಂತ್ಕೋ."

ಒಂದು ವರ್ಷದ ಮೇಲೆ ಅವಳು ನನಗೆ ಆಡಿದ ಮೊದಲ ಮಾತು ಅದು. ಬಾಯಿಯವರೆಗೆ ಬಂದಿದ್ದ ಬೈಗುಳ ಅಲ್ಲೇ ನಿಂತಿತು.

ಅವಳ ಬೈಗುಳ ಮಾತ್ರ ನಿಲ್ಲಲಿಲ್ಲ. "ನಿನ್ನೆಯಿಂದ ನೋಡ್ತಾ ಇದೀನಿ. ಟಿಣ್ ಅಂದ್ರೆ ನನ್ನ ಎದೆ ಝಲ್ ಅನ್ನತ್ತೆ. ಮತ್ತೆ ಬಿದ್ಲೋ ಏನೋ, ಡಾಕ್ಟ್ರಿಗೆ ಮಾಡ್ತಿದಾಳೋ ಏನೋ ಅಂತ ಓಡಿ ಬಂದು ಎತ್ತಿದ್ರೆ, ನೀನು ಕೀ ಅಂತ ನನ್ನ ಕಿವೀಲಿ ಕಿರುಚ್ತೀಯ. ಮಾತಾಡೋಕೆ ಇಷ್ಟ ಇಲ್ದಿದ್ರೆ ಸುಮ್ನಿರು. ಹಂಗೆಲ್ಲ ಅಣಕಿಸ್ಬೇಡ."

"ಅಕ್ಕ, ಅದು ನಾನಲ್ಲ. ಮೋಡೆಮ್."

"ಯಾವಳವಳು?"

ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತಲೇ ಅಳುವೂ ಬಂತು, ನನಗೆ ಅದರ ಮೇಲೂ ಸಿಟ್ಟು ಬಂತು. ಮೆಟ್ಟಿಲ ಮೇಲೇ ಕೂತು ಎಲ್ಲ ಹೇಳಿದೆ. ಲಿಫ್ಟಿನಿಂದ ಇಳಿಸಿದ್ದು, ಅಳತೆಗೋಲು ನಕ್ಕಿದ್ದು, ಸಂಜೆ ಐದರ ಗಡುವು. ಅಕ್ಕನ ಮುಖ ಕೆಂಪಾಗುತ್ತ ಹೋಯಿತು.

"ಕಾಲಿಲ್ದೋಳು ಅಂದ್ನಾ ನಿನ್ನ?"

"ಹಾಗಂತ ಅನ್ಲಿಲ್ಲ."

"ಅರ್ಥ ಅದೇ ತಾನೆ." ಅವಳು ಕುರ್ಚಿಯೊಂದನ್ನು ಎಳೆದು ಫೋನಿನ ಮುಂದೆ ಹಾಕಿಕೊಂಡು ಕೂತಳು. "ಆ ಮೆಟ್ಲು ಒರೆಸಿದೋಳು ನಾನು. ಕೂಗಿದ್ದೆ ಅಂತ ಹೇಳ್ತಾನೇ ಬಂದೆ. ಕೂಗಿದ್ದು ನೀನು ಬಿದ್ದ ಮೇಲೆ." ಅವಳು ನನ್ನ ಕಡೆ ನೋಡಲಿಲ್ಲ. "ನೀನು ಮೇಲೆ ಹೋಗು. ಯಾರು ಇದನ್ನ ಎತ್ತುತ್ತಾರೋ ನಾನು ನೋಡ್ತೀನಿ."

ಮಾತಾಡುತ್ತ ಕೂರಲು ಹೊತ್ತಿರಲಿಲ್ಲ. ಅವಳ ಹೆಗಲು ಮುಟ್ಟಿ ಮೇಲೆ ಹತ್ತಿದೆ.

ಡಯಲ್ ಒತ್ತಿದೆ. ಕೆಳಗೆ ಟಿಣ್ ಟಿಣ್ ಎಂದಿತು, ಯಾರೂ ಎತ್ತಲಿಲ್ಲ. ಎಷ್ಟೋ ವರ್ಷಗಳ ಕೈಚಟವನ್ನು ಅಕ್ಕ ಮುಷ್ಟಿ ಬಿಗಿಹಿಡಿದು ತಡೆದಳು ಎಂದು ಆಮೇಲೆ ಭಾವ ಹೇಳಿದರು. ಕೀ ಎಂದಿತು, ಕರ್ ಎಂದಿತು, ಆಮೇಲೆ ಸ್ಪೀಕರ್ ಮೌನವಾಯಿತು. ಪರದೆಯ ಮೇಲೆ ನೀಲಿ ಪಟ್ಟಿ ಇರುವೆಯಂತೆ ಮುಂದೆ ಸರಿಯಿತು. ಗಂಡ ಸೌಂಡ್ ಕಾರ್ಡನ್ನು ಎದೆಗವಚಿಕೊಂಡು ಅದನ್ನೇ ನೋಡುತ್ತಿದ್ದ. ಪಟ್ಟಿ ತುದಿ ಮುಟ್ಟಿದಾಗ ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು.

ಸ್ವಲ್ಪದರಲ್ಲೇ ಫೋನ್ ಬಡಿಯಿತು. ನಾನು ಎತ್ತಿದೆ. ಕೆಳಗೂ ಎತ್ತಿದ ಸದ್ದು ಕೇಳಿಸಿತು.

"ಬಂದಿದೆ" ಎಂದರು ಅಳತೆಗೋಲು. "ಅಂಚೂ ಸರಿಯಾಗಿದೆ. ಆದ್ರೂ ನೋಡಿ, ಒಂದು ದಿನ ಬಂತು ಅಂದ್ರೆ ದಿನಾ ಬರುತ್ತೆ ಅಂತಲ್ಲ. ನಿಮ್ಮ ಆರೋಗ್ಯದ ದೃಷ್ಟಿಯಿಂದ ಆ ಕಾಗದಕ್ಕೆ..."

"ಸಹಿ ಹಾಕಲ್ಲ ಸಾರ್" ಎಂದೆ. "ಬರದಿದ್ರೆ ಹಾಕ್ತೀನಿ ಅಂದಿದ್ದೆ. ಬಂದಿದೆ. ಸೋಮವಾರದ ಕ್ಯಾಸೆಟ್ ನಮ್ಮೆಜಮಾನ್ರ ಬಸ್ಸಲ್ಲಿ ಕಳಿಸಿ."

"ಅಲ್ಲಮ್ಮ, ಮಧ್ಯದಲ್ಲಿ ಲೈನು ಕೆಟ್ರೆ..."

"ಲೈನು ಕೆಡಲ್ಲ ಕಣ್ರಿ" ಎಂದಿತು ಕೆಳಗಿನ ದನಿ. "ಕಾಯೋಕೆ ನಾನಿದೀನಿ."

"ಯಾರ್ರಿ ಅದು ಮಧ್ಯೆ ಮಾತಾಡ್ತಿರೋದು?"

"ಈ ಮನೆಯೋಳು. ಅವಳು ಬಿದ್ದಿದ್ದು ನಾನು ಒರೆಸಿದ ಮೆಟ್ಲಲ್ಲಿ. ಅವಳ ಕೆಲಸ ತೆಗೀಬೇಕು ಅಂದ್ರೆ ಮೊದ್ಲು ನನ್ನ ಹತ್ರ ಬಂದು ಮಾತಾಡಿ. ವಿಳಾಸ ಬರ್ಕೋತೀರಾ?"

"ಸೋಮವಾರ ಕ್ಯಾಸೆಟ್ ಕಳಿಸ್ತೀನಿ" ಎಂದು ಅಳತೆಗೋಲು ಫೋನಿಟ್ಟರು.

ನಾನು ಇಡಲಿಲ್ಲ. ಅವಳೂ ಇಟ್ಟಿರಲಿಲ್ಲ. ಖಾಲಿ ಲೈನಿನಲ್ಲಿ ಅವಳ ಏದುಸಿರು ನನಗೆ ಕೇಳಿಸುತ್ತಿತ್ತು, ನನ್ನದು ಅವಳಿಗೆ ಕೇಳಿಸುತ್ತಿದ್ದಿರಬೇಕು.

"ಅಕ್ಕ, ಇಡು" ಎಂದೆ.

"ನೀನು ಮೊದ್ಲು ಇಡು" ಎಂದಳು.