ಥರ್ಲೋ ಅವರ ಗಾಜಿನ ಬೀರು

ಪಿಟ್ಸ್‌ಬರ್ಗ್‌ನ ನಮ್ಮ ಕಚೇರಿಯಲ್ಲಿ ಹಿರಿಯ ಎಂಜಿನಿಯರ್ ಥರ್ಲೋ ಅವರದೊಂದು ಗಾಜಿನ ಬೀರು ಇದೆ. ಅದರ ತುಂಬ ಉಕ್ಕಿನ ಕಾರ್ಖಾನೆಗಳ ಹಳೆಯ ಕೈಪಿಡಿಗಳು: ಚರ್ಮದ ರಟ್ಟು, ಹೊನ್ನಿನ ಅಂಚು, ಯಾವ ತೊಲೆ ಎಷ್ಟು ಭಾರ ಹೊರುತ್ತದೆಂಬ ಕೋಷ್ಟಕಗಳು. ಆಗಿನವರು ಅವನ್ನು ಜೇಬಿಗೆ ಹಾಕಿಕೊಂಡು ಕಟ್ಟಡ ಹತ್ತುತ್ತಿದ್ದರು. ಥರ್ಲೋ ಬಿಳಿ ಕೈಗವಸು ತೊಟ್ಟು ಪುಟ ತಿರುವುತ್ತಾರೆ. ಏಣಿ ಹತ್ತಿದ್ದನ್ನು ನಾನಂತೂ ಕಂಡಿಲ್ಲ.

ಹಲೀನಾ ವೊಯ್ಟಾಸಿಕ್ ಹಳೆಯ ಗೋದಾಮೊಂದರ ಮೇಲ್ಮಹಡಿಯಲ್ಲಿ ಪೋಲಿಷ್ ಕುಣಿತ ಕಲಿಸುತ್ತಾಳೆ. ನೆಲ ಗಟ್ಟಿಯಿದೆಯೆಂದು ಎಂಜಿನಿಯರರ ಮುದ್ರೆ ಬೀಳದಿದ್ದರೆ ನಗರಸಭೆ ಅವಳ ಶಾಲೆಗೆ ಬೀಗ ಹಾಕುವುದರಲ್ಲಿತ್ತು. ಆ ಮುದ್ರೆಗಾಗಿ ಅವಳು ನಮ್ಮಲ್ಲಿಗೆ ಬಂದಳು. ಥರ್ಲೋ ಫೋಟೋದಲ್ಲಿ ಕಟ್ಟಡದ ನೆತ್ತಿಯ ಇಸವಿ ನೋಡಿದರು, 1891. ಆ ವರ್ಷದ, ಇದೇ ಊರಿನ ಕಾರ್ಖಾನೆಯ ಕೈಪಿಡಿ ತೆಗೆದು, ಹಳೆಯ ನಕ್ಷೆಯಲ್ಲಿದ್ದ ಹನ್ನೆರಡು ಅಂಗುಲದ ತೊಲೆಯ ಸಾಲಿಗೆ ಬೆರಳಿಟ್ಟು, ಸಾಲದು ಎಂದರು. ಊಟದ ಹೊತ್ತಿಗೆ ತೀರ್ಪು ಮುಗಿದಿತ್ತು.

ಆ ಕಾಲದಲ್ಲಿ ಒಂದೊಂದು ಕಾರ್ಖಾನೆಯ ತೊಲೆಯ ಅಚ್ಚು ಒಂದೊಂದು ಬಗೆ. ಒಬ್ಬರ ಹನ್ನೆರಡು ಅಂಗುಲದ ತೊಲೆ ಇನ್ನೊಬ್ಬರದಕ್ಕಿಂತ ಎಷ್ಟೋ ದಪ್ಪ. ಇದು ಥರ್ಲೋ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ, ತೊಲೆ ನೋಡಲೆಂದು ಕೆಳಮಹಡಿಯ ಚಾವಣಿಯ ಗಾರೆ ಕೀಳಿಸಲಿಲ್ಲ.

ನಾನು ಕೀಳಿಸಿದೆ. ತೊಲೆಯ ಮೈಮೇಲೆ ಉಬ್ಬಿದ್ದ ಹೆಸರು ಓಹಾಯೋದ, ಎಂದೋ ಮುಚ್ಚಿಹೋದ ಕಾರ್ಖಾನೆಯದು. ಅಂಚುಗಳ ದಪ್ಪ ಅಳೆದೆ, ಚೂರೊಂದನ್ನು ಕೊಯ್ದು ಪ್ರಯೋಗಾಲಯಕ್ಕೆ ಕಳಿಸಿದೆ, ಆ ಕಾರ್ಖಾನೆಯ ಕೈಪಿಡಿಯ ಜೆರಾಕ್ಸ್ ಪುಟಗಳನ್ನು ಗ್ರಂಥಾಲಯದಿಂದ ತರಿಸಿದೆ. ಎಲ್ಲವೂ ತಾಳೆಯಾದವು. ತೊಲೆ ಕುಣಿತದ ಭಾರ ಹೊರುತ್ತಿತ್ತು.

ಥರ್ಲೋ ನನ್ನ ಲೆಕ್ಕವನ್ನು ಬದಿಗೆ ಸರಿಸಿ ಜೆರಾಕ್ಸ್ ಕೈಗೆತ್ತಿಕೊಂಡರು.

"ಇದರ ಮೂಲ ಪುಸ್ತಕ ಎಲ್ಲಿದೆ, ಡೋರೀನ್? ಮಾರ್ತಾರಂತಾ?"

ನೆಲದ ಮಾತೇನಾಯಿತು ಎಂದು ಕೇಳಿದೆ.

"ಜೆರಾಕ್ಸ್ ನಂಬ್ಕೊಂಡು ಮುದ್ರೆ ಒತ್ತೋಕಾಗುತ್ತಾ, ಮಗು?"

"ತೊಲೆ ಅಲ್ಲೇ ಇದೆಯಲ್ಲ. ಬಂದು ನೋಡಿ."

"ನನ್ನ ಮೊಣಕಾಲಿನ ಕಥೆ ನಿಂಗೆ ಗೊತ್ತಲ್ಲ."

ಗೊತ್ತಿತ್ತು. ಹಳೆ ಪುಸ್ತಕಗಳ ಹರಾಜಿನಲ್ಲಿ ಆ ಮೊಣಕಾಲು ದಿನವಿಡೀ ನಿಲ್ಲುತ್ತದೆ.

ನನ್ನ ಮುದ್ರೆಯನ್ನೇ ಒತ್ತುತ್ತೇನೆಂದೆ. ತಪ್ಪಾದರೆ ಹೋಗುವುದು ನನ್ನ ಪರವಾನಗಿ. ವಿಷಯ ತಿಳಿದ ಹಲೀನಾ ಕಾಫಿ ಬಗ್ಗಿಸುತ್ತ ಕೇಳಿದಳು: "ಹಾಗಾದ್ರೆ ನಾವು ಕುಣಿಯುವಾಗ ಕೆಳಗಡೆ ನಿಂತ್ಕೋತೀಯಾ?"

ನಿಂತೆ. ಮೇಲೆ ಶಾಲೆಯ ಬೂಟುಗಳೆಲ್ಲ ಒಟ್ಟಿಗೆ ನೆಲಕ್ಕಪ್ಪಳಿಸಿದವು. ತೊಲೆಗೆ ಹಚ್ಚಿದ್ದ, ಬಾಗು ಅಳೆಯುವ ಮಾಪಕದ ಮುಳ್ಳು ನನ್ನ ಲೆಕ್ಕ ಹೇಳಿದಷ್ಟೇ ಸರಿದು, ಹಿಂದಕ್ಕೆ ಬಂತು. ಅಲ್ಲೇ ಮೇಜಿನ ಮೇಲೆ ಮುದ್ರೆ ಒತ್ತಿದೆ.

ಥರ್ಲೋ ಅವರನ್ನೂ ಕರೆದಿದ್ದೆವು. ಬಂದಿದ್ದರು. ರಸ್ತೆಯ ಆಚೆ ಬದಿಯಲ್ಲಿ, ಕಟ್ಟಡಕ್ಕೂ ತಮಗೂ ನಡುವೆ ಕಾರನ್ನು ಅಡ್ಡ ಇಟ್ಟುಕೊಂಡು ನಿಂತಿದ್ದರು.