ದೋಣಿಯ ಮಗ್ಗುಲಿಗೆ ಎರಡು ಕಿರುದೋಣಿ

ವರದಾ ಹೊಳೆಯಲ್ಲಿ ದೋಣಿ ನಡೆಸುತ್ತಿದ್ದ ಮೈಲಾರಪ್ಪನಿಗೆ ೧೯೬೧ರ ಮಳೆಗಾಲದಲ್ಲಿ ಹೊಸ ಪೇಚಾಟ ಶುರುವಾಯಿತು. ಆಚೆ ದಂಡೆಯ ಹೊಲಗಳಿಗೆಲ್ಲ ನೀರು ಹೊಕ್ಕಿತ್ತು. ಅಲ್ಲಿ ಮೊಳಕಾಲುದ್ದ ನೀರಿಗೆ ದೊಡ್ಡ ದೋಣಿ ಕೆಸರಲ್ಲಿ ಹೂತುಕೊಳ್ಳುತ್ತಿತ್ತು. ಸವಣೂರಿನ ವೀಳ್ಯದೆಲೆಯ ಬುಟ್ಟಿಗಳನ್ನು ಊರೊಳಗೆ ಮುಟ್ಟಿಸಲು ಒಬ್ಬರೇ ಕೂರುವ ಕಿರುದೋಣಿಗಳೇ ಬೇಕಾದವು. ಅಂಥವು ಅವನಲ್ಲಿ ಎರಡಿದ್ದವು: ಒಂದು ಅವನದು, ಇನ್ನೊಂದು ಹೆಂಡತಿ ಅಡಿವೆವ್ವನದು. ದೋಣಿಯವರ ಮನೆಯಲ್ಲೇ ಹುಟ್ಟಿದ ಆಕೆ ಹುಟ್ಟು ಹಾಕುವುದನ್ನು ನೋಡುವುದೇ ಅವನಿಗೊಂದು ಸುಖ.

ತುಂಬಿದ ನಡುಹೊಳೆಯನ್ನು ಅವು ತಾವೇ ದಾಟಲಾರವೆಂದು ಎರಡನ್ನೂ ಹಗ್ಗ ಕಟ್ಟಿ ದೊಡ್ಡ ದೋಣಿಯ ಹಿಂದೆ ಎಳೆದೊಯ್ದ. ಸೆಳವಿಗೆ ಸಿಕ್ಕು ಒಂದಕ್ಕೊಂದು ಬಡಿದು ಅಡಿವೆವ್ವನ ದೋಣಿಯ ಮೂತಿ ಸೀಳಿತು. ಅದನ್ನು ರಿಪೇರಿ ಮಾಡಿ, ಸವಣೂರಿನ ಗೆಳೆಯ, ಮೋಟಾರು ಮಿಸ್ತ್ರಿ ರಾಜೇಸಾಬನನ್ನು ಕರೆತಂದ.

"ಬಸ್ಸಿನ ಟಾಪ್ ಮ್ಯಾಲೆ ಸಾಮಾನು ಹೇರೂದಿಲ್ಲೇನು? ಹಂಗ ಇದರ ಮ್ಯಾಲೂ ಹೇರೂನು" ಎಂದ ರಾಜೇಸಾಬ.

ಗುಜರಿ ಬಸ್ಸಿನ ಕ್ಯಾರಿಯರ್ ಬಂತು. ದೊಡ್ಡ ದೋಣಿಯಲ್ಲಿ ನಾಲ್ಕು ಜಾಲಿ ಕಂಬ ನಿಲ್ಲಿಸಿ ಅದನ್ನು ತಲೆಯೆತ್ತರಕ್ಕೆ ಬಿಗಿದು, ಕಿರುದೋಣಿಗಳನ್ನು ಏರಿಸಿದರು. ದಂಡೆ ಬಿಟ್ಟು ಹತ್ತು ಮಾರು ಹೋಗಿರಲಿಲ್ಲ, ಗಾಳಿಗೆ ದೋಣಿ ವಾಲಿ ರಾಜೇಸಾಬ ದೊಪ್ಪೆಂದು ನೀರಿಗೆ ಬಿದ್ದ. ಅಡಿವೆವ್ವ ನಗು ತಡೆಯಲಾರದೆ ಗಳ ಚಾಚಿ ಅವನನ್ನು ಎಳೆದುಕೊಂಡು ಅಂದಳು:

"ಅಷ್ಟ ಎತ್ತರ ಯಾಕ ಬೇಕ್ರಿ? ಕೊಡ ನಾವು ಟೊಂಕದಾಗೂ ಹೊರ್ತೇವಿ. ಆ ಮಗ್ಗಲಿಗೊಂದು, ಈ ಮಗ್ಗಲಿಗೊಂದು ಕೂಡಸ್ರಿ."

ಮೈಲಾರಪ್ಪ ಕಂಬ ಕಿತ್ತ. ರಾಜೇಸಾಬ ಕ್ಯಾರಿಯರನ್ನು ಎರಡು ಹೋಳು ಮಾಡಿ ಇಕ್ಕೆಲದ ಅಂಚಿಗೆ ತೊಟ್ಟಿಲಂತೆ ಕೂಡಿಸಿದ. ಕಬ್ಬಿಣಕ್ಕೆ ತಿಕ್ಕಿ ಕಿರುದೋಣಿಗಳ ಮರ ಸವೆಯದಿರಲೆಂದು ಅಡಿವೆವ್ವ ಹಳೆಯ ಕೌದಿ ಹರಿಯಲು ಕುಂತಳು.

"ಏ, ಅದು ನಮ್ಮವ್ವ ಹೊಲದಿದ್ದು!"

"ಅತ್ತಿ ಇದ್ದಿದ್ರ ತಾವ ಹರದು ಕೊಡ್ತಿದ್ರು."

ಹೌದೆನ್ನಿಸಿತು ಅವನಿಗೆ. ತಾನೂ ಪಕ್ಕದಲ್ಲಿ ಕುಂತು ಸರಳುಗಳಿಗೆ ಕೌದಿ ಸುತ್ತಿದ.

ಮರುದಿನ ಎಂಟು ಬುಟ್ಟಿ ಹೇರಿಕೊಂಡು ನಡುಹೊಳೆ ದಾಟಿದರು. ದೋಣಿ ಅಲುಗಲಿಲ್ಲ. ಆಳ ಕಡಿಮೆಯಾದಲ್ಲಿ ಲಂಗರು ಹಾಕಿ, ಕಿರುದೋಣಿಗಳನ್ನು ಮೆಲ್ಲನೆ ನೀರಿಗಿಳಿಸಿದರು. ಮಧ್ಯಾಹ್ನದೊಳಗೆ ಎಲೆಯೆಲ್ಲ ಊರು ಸೇರಿತು.

ವಾಪಸು ಬಂದು ತನ್ನ ದೋಣಿಯನ್ನು ಸ್ವಸ್ಥಾನಕ್ಕೆ ಏರಿಸುತ್ತ ಅಡಿವೆವ್ವ ಅಂದಳು: "ಛಲೋ ಕಟ್ಟೀರಿ."

ಹೊಗಳುವ ಹೆಂಗಸಲ್ಲ ಆಕೆ. ಮೈಲಾರಪ್ಪ ಅತ್ತ ತಿರುಗಿ, ಬಿಗಿಯಾಗಿಯೇ ಇದ್ದ ಹಗ್ಗದ ಗಂಟನ್ನು ಬಿಚ್ಚಿ ಇನ್ನೊಮ್ಮೆ ಕಟ್ಟಿದ.