ಮತದಾನದ ದಿನವೇ ಬಿಸಿನೀರ ಬುಗ್ಗೆಗೆ ಪ್ರವಾಸ

ಚುನಾವಣೆ ಬಂತೆಂದರೆ ಸಾಕು, ಒಂದೇ ಮನೆಯಲ್ಲಿ ಎರಡು ಪಕ್ಷ. ಹಿರಿಯರದು ಒಂದು ಕಡೆ, ಮಕ್ಕಳದು ಇನ್ನೊಂದು ಕಡೆ. ಉಯ್‌ಸಂಗ್ ಎಂಬ ಊರಿನ ಮಾಲ್‌ಸುನ್ ಅಜ್ಜಿಯ ಮನೆಯಲ್ಲೂ ಇದೇ ಕಥೆ.

ಆ ಶನಿವಾರ ಮಾತ್ರ ಅಜ್ಜಿ ಹಿಗ್ಗಿ ಹೀರೇಕಾಯಿಯಾಗಿದ್ದಳು. ದೇಗು ಪಟ್ಟಣದಲ್ಲಿ ಕೆಲಸಕ್ಕಿರುವ ಮೊಮ್ಮಗಳು ಹ್ಯೇರಿಮ್ ರಜೆಗೆ ಬಂದವಳು, ಒನ್ಯಾಂಗ್‌ನ ಬಿಸಿನೀರ ಬುಗ್ಗೆಗೆ ಟಿಕೆಟ್ ತಂದುಕೊಟ್ಟಿದ್ದಳು. ಅಜ್ಜಿ ಅದನ್ನು ಹಿಡಿದು ಪಕ್ಕದ ಮನೆಯ ಬೊಕ್‌ಹೀ ಹತ್ತಿರ ಓಡಿದಳು. ಬೊಕ್‌ಹೀ ಅಂಗಳದಲ್ಲಿ ಬೆಳ್ಳುಳ್ಳಿ ಗೊಂಚಲು ಕಟ್ಟುತ್ತಿದ್ದಳು.

“ಬುಧವಾರ ಬೆಳಗ್ಗೆ ಬಸ್ಸು ಕಣೇ!”

“ಬುಧವಾರವಾ? ಅವತ್ತೇ ಅಲ್ವೇನೇ ಓಟು! ಹೋದ ಸಲ ನನ್ನ ಮೊಮ್ಮಗನೂ ಹೀಗೇ ಜೇಜು ದ್ವೀಪಕ್ಕೆ ಸಾಗಹಾಕೋಕೆ ನೋಡಿದ್ದ. ಮುದುಕರ ಓಟು ತಪ್ಪಿಸೋಕೆ ಈ ಹುಡುಗರು ಹೂಡೋ ಆಟ. ಹೆಸರಿಗೆ ಅಜ್ಜಿ ಸೇವೆ!”

ಅಜ್ಜಿ ಟಿಕೆಟ್ ಹಿಡಿದುಕೊಂಡೇ ತಿರುಗಿ ನಡೆದಳು. ಮನೆಗೆ ಬಂದು ನೇರವಾಗಿ ಕೇಳಿಯೇಬಿಟ್ಟಳು.

“ನನ್ನ ಓಟು ನಿನಗೆ ಅಷ್ಟು ಬೇಡವಾಯ್ತೇನೇ?”

ಹ್ಯೇರಿಮ್‌ಳ ಮುಖ ಕೆಂಪಾಯಿತು. “ಇನ್ನೇನ್ ಮಾಡ್ಲಿ ಅಜ್ಜಿ? ನೀವೆಲ್ಲ ಕಣ್ಣುಮುಚ್ಚಿ ಅದೇ ಪಕ್ಷಕ್ಕೆ ಒತ್ತಿ ಬರ್ತೀರ. ಕಾಯಂ ಕೆಲಸ ಇಲ್ದೆ, ಗೂಡಿನಂಥ ಬಾಡಿಗೆ ರೂಮಲ್ಲಿ ಬದುಕೋರು ನಾವು.”

ಅಜ್ಜಿಗೆ ಅಳು ಬಂತು. ಸಾವಿರದ ಒಂಬೈನೂರ ಎಂಬತ್ತೇಳರ ಬೇಸಿಗೆ ಕಣ್ಣಮುಂದೆ ಬಂತು.

“ಆಗೆಲ್ಲ ದೇಶದ ಅಧ್ಯಕ್ಷನ್ನ ಆರಿಸೋಕೆ ನಮ್ಮನ್ನ ಯಾರು ಕೇಳ್ತಿದ್ರು? ಯಾರೋ ಒಂದಷ್ಟು ಜನ ಸಭಾಂಗಣದಲ್ಲಿ ಕೂತು ಮುಗಿಸೋರು. ನಿಮ್ಮಪ್ಪ ಕಾಲೇಜು ಹುಡುಗ. ನಮಗೂ ಓಟು ಬೇಕು ಅಂತ ಬೀದಿಗಿಳಿದು ಒದೆ ತಿಂದು ಬಂದ. ಅಶ್ರುವಾಯು ನಾತ ಎಷ್ಟು ಒಗೆದ್ರೂ ಅಂಗಿ ಬಿಡಲಿಲ್ಲ. ನಾನೇ ಬೈದೆ, ನಿನಗ್ಯಾಕೋ ಊರ ಉಸಾಬರಿ ಅಂತ. ಕೊನೆಗೆ ಸರ್ಕಾರ ಒಪ್ಕೊಳ್ತು. ಆ ಚಳಿಗಾಲದಲ್ಲಿ ಊರಿಗೆ ಊರೇ ಹಬ್ಬದ ಬಟ್ಟೆ ಉಟ್ಕೊಂಡು ಓಟು ಹಾಕೋಕೆ ಶಾಲೆ ಮುಂದೆ ಸಾಲು ನಿಂತ್ವಿ. ನಿಮ್ಮ ತಾತ ನನ್ನ ನೋಡಿ, ಮದುವೆ ದಿನಕ್ಕಿಂತ ಚೆನ್ನಾಗಿದೀಯ ಅಂದ್ರು. ಎಂಥಾ ಕಾಲ ಅದು!” ಅಜ್ಜಿ ಕಣ್ಣೊರೆಸಿಕೊಂಡಳು. “ನನಗೆ ಈ ಓಟು ಕೊಡಿಸಿದ್ದೇ ಅವತ್ತಿನ ಹುಡುಗರು ಮಗಾ. ನೀನು ಕಿತ್ಕೋತೀಯಾ?”

ಹ್ಯೇರಿಮ್ ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಬಿಕ್ಕಿದಳು. “ತಪ್ಪಾಯ್ತು ಅಜ್ಜಿ. ಟಿಕೆಟ್ ವಾಪಸ್ ಮಾಡ್ತೀನಿ.”

“ಯಾಕ್ರೇ ವಾಪಸ್ಸು?” ಹಿಂದೆಯೇ ಬಂದಿದ್ದ ಬೊಕ್‌ಹೀ ಬಾಗಿಲಲ್ಲೇ ಗದರಿದಳು. “ಮುಂಗಡ ಮತದಾನ ಇದೆಯಲ್ಲ! ಇವತ್ತು ಸಂಜೆ ಆರರವರೆಗೆ ಟೈಮಿದೆ. ಗುರುತಿನ ಚೀಟಿ ಇದ್ರೆ ದೇಶದ ಯಾವ ಊರಲ್ಲಾದ್ರೂ ಹಾಕ್ಬಹುದು. ಹುಡುಗೀ, ನಿಂದೂ ಇಲ್ಲೇ ಆಗುತ್ತೆ. ಏಳಿ, ಏಳಿ!”

ಅಜ್ಜಿ, ಮೊಮ್ಮಗಳು ಇಬ್ಬರೂ ಕೈಕೈ ಹಿಡಿದು ಹೊರಟರು. ದಾರಿಯುದ್ದಕ್ಕೂ ಬಾಡಿಗೆ, ಪಿಂಚಣಿ, ಕೆಲಸ ಅಂತ ಜಗಳವೋ ಜಗಳ. ಬಾಡಿಗೆಯ ಕಷ್ಟವನ್ನು ಅಜ್ಜಿ ಪೂರ್ತಿ ಕೇಳಿಸಿಕೊಂಡಿದ್ದು ಅದೇ ಮೊದಲು. ಮತ ಹಾಕಿ ಹೊರಬಂದಾಗ ಹ್ಯೇರಿಮ್ ಮೆಲ್ಲಗೆ ಕೇಳಿದಳು, “ಯಾರಿಗೆ ಅಜ್ಜಿ?”

“ಹೋಗೇ, ನಿನಗ್ಯಾಕೆ ಹೇಳ್ಲಿ!”

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯ ಹಿರಿಯರ ಆಯ್ಕೆ ನಿಮಗೆ ಹಿಡಿಸದಿರಬಹುದು. ನಿಮ್ಮದು ಅವರಿಗೂ ಹಿಡಿಸದು. ಊಟಕ್ಕೆ ಕೂತಾಗ ಗಂಟಲು ಹರಿಯುವಂತೆ ವಾದ ಮಾಡಿ, ಪರವಾಗಿಲ್ಲ. ಆದರೆ ಯಾರ ಮತವನ್ನೂ ತಪ್ಪಿಸಬೇಡಿ. ಮತಗಟ್ಟೆಯವರೆಗೆ ಅವರ ಕೈ ಹಿಡಿದು ಕರೆದುಕೊಂಡು ಹೋಗಿ. ಒಳಗೆ ಹೋಗುವಾಗ ಕೈ ಬಿಡಿ.